ಅವರೋ ಅದೋ: ಕಾಯಿಸುವ ಪರದೆಯ ಚರಿತ್ರೆ

ಹೈದರಾಬಾದಿನ ಕೋಠಿಯಲ್ಲಿ ವಾಸಿಸುವವರಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಸರ್ಕಾರಿ ಇಎನ್‌ಟಿ ಆಸ್ಪತ್ರೆಯಲ್ಲಿ ಓಪಿ ಚೀಟಿಗೆ ಸಾಲು, ಬ್ಯಾಂಕ್ ಸ್ಟ್ರೀಟಿನಲ್ಲಿ ಟೋಕನ್ನಿಗೆ ಸಾಲು, ಸಂಜೆಯಾದರೆ ಬಸ್ಸಿಗೆ ಸಾಲೂ ಇಲ್ಲದ ಗುಂಪು. ಇಲ್ಲಿನ ದಖನಿಯಲ್ಲಿ ‘ಪರ್ಸೋಂ’ ಎಂದರೆ ಮೊನ್ನೆಯೂ ಆಗಬಹುದು, ಹೋದ ವರ್ಷವೂ ಆಗಬಹುದು ಎಂದು ಹೊರಗಿನವರು ತಮಾಷೆ ಮಾಡುತ್ತಾರೆ. ಆ ತಮಾಷೆಯಲ್ಲಿ ಹುರುಳಿಲ್ಲದೆ ಇಲ್ಲ.

ಈ ಬಡಾವಣೆಗೆ ಹೆಸರು ಬಂದದ್ದು ಒಂದು ಬಂಗಲೆಯಿಂದ. ನಿಜಾಮರ ಆಸ್ಥಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಆಗಿದ್ದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ 19ನೇ ಶತಮಾನದ ಮೊದಲ ವರ್ಷಗಳಲ್ಲಿ ಮೂಸಿ ನದಿಯ ಹತ್ತಿರ ಕಟ್ಟಿಸಿದ ರೆಸಿಡೆನ್ಸಿಯೇ ಆ ಕೋಠಿ. ಎದುರಿಗೆ ಸಾಲುಗಂಬ, ಅಗಲವಾದ ಮೆಟ್ಟಿಲು, ಮೆಟ್ಟಿಲ ಪಕ್ಕ ಸಿಂಹಗಳು, ಒಳಗೆ ದೊಡ್ಡ ದರ್ಬಾರ್ ಹಾಲು. ಬಂದವರು ಯಾರು, ಬರಮಾಡಿಕೊಳ್ಳುವವರು ಯಾರು ಎಂಬುದನ್ನು ಬಾಯಿ ಬಿಡದೆ ಹೇಳುವ ಕಟ್ಟಡ. ಸ್ವಾತಂತ್ರ್ಯದ ನಂತರ ಅದು ಮಹಿಳಾ ಕಾಲೇಜಾಯಿತು, ಈಗ ವಿಶ್ವವಿದ್ಯಾಲಯವಾಗಿದೆ.

ಭಾಷಾವಿಜ್ಞಾನ ಓದಿದವರ ಚಟದಂತೆ ಪದದ ಬೆನ್ನು ಹತ್ತಿದರೆ, ‘ಕೋಠಿ’ಯ ಮೂಲದಲ್ಲಿ ಸಂಸ್ಕೃತದ ‘ಕೋಷ್ಠ’ವಿದೆ. ಕಣಜ, ಉಗ್ರಾಣ, ಒಳಮನೆ ಎಂಬುದು ಅದರ ಅರ್ಥ. ಅದೇ ಬೇರಿನಿಂದ ಹಿಂದಿ, ಮರಾಠಿಗಳ ದಾರಿಯಲ್ಲಿ ಬಂದದ್ದು ನಮ್ಮ ‘ಕೊಠಡಿ’. ಸಂಸ್ಕೃತದಿಂದ ನೇರವಾಗಿ ಬಂದದ್ದು ‘ಕೋಷ್ಟಕ’, ಅಂದರೆ ಅಂಕಿಸಂಖ್ಯೆಗಳನ್ನು ತುಂಬುವ ಮನೆಗಳ ಪಟ್ಟಿ. ಅಧಿಕಾರದ ಬಂಗಲೆ, ಕಾಯುವ ಕೋಣೆ, ಅಂಕಿಗಳ ಪಟ್ಟಿ, ಮೂರೂ ಒಂದೇ ಬಳ್ಳಿಯ ಕಾಯಿಗಳು. ಈ ಲೇಖನದ ವಿಷಯಕ್ಕೂ ಈ ಮೂರರ ನಂಟಿದೆ.

ವಿಷಯ ನೋಡಲು ಬಹಳ ಸಣ್ಣದು. ಮನುಷ್ಯರ ನಡವಳಿಕೆಯ ಬಗ್ಗೆ ಅಂತರ್ಜಾಲದಲ್ಲಿ ಪ್ರಯೋಗ ನಡೆಸುವವರು ಅದರಲ್ಲಿ ಭಾಗವಹಿಸುವವರಿಗೆ ನಡುವೆ ತೋರಿಸುವ ‘ದಯವಿಟ್ಟು ಕಾಯಿರಿ’ ಎಂಬ ಪರದೆ. ಇಂಥ ಒಂದು ಪ್ರಯೋಗದ ಸೂಚನೆಗಳನ್ನು ಕನ್ನಡಕ್ಕೆ ತರುವ ಕೆಲಸ ನನಗೆ ಬಂದಿತ್ತು. ಎಕ್ಸೆಲ್ ಹಾಳೆಯಲ್ಲಿ ಇದ್ದ ಸಾಲುಗಳಲ್ಲಿ ಮೂರು ಮಾತ್ರ ನನ್ನನ್ನು ನಿಲ್ಲಿಸಿದವು. ಒಂದು, ಕಾಯಿರಿ ಎನ್ನುವುದು. ಎರಡು, ನಿಮಗೊಬ್ಬ ಜೊತೆಗಾರರನ್ನು ಹುಡುಕುತ್ತಿದ್ದೇವೆ ಎನ್ನುವುದು. ಮೂರು, ನಿಮ್ಮ ಜೊತೆಗಾರರು ಯೋಚಿಸುತ್ತಿದ್ದಾರೆ ಎನ್ನುವುದು. ಮೂರನೆಯ ಸಾಲಿನ ಪಕ್ಕದ ಮನೆಯಲ್ಲಿ ತಂತ್ರಜ್ಞರಿಗೆಂದು ಬರೆದ ಟಿಪ್ಪಣಿ ಇತ್ತು: ಜೊತೆಗಾರರು ನಿಜವಾದವರಲ್ಲ, ಉತ್ತರ ಕೊಡುವುದು ಪ್ರೋಗ್ರಾಮು. ಆ ಸಾಲು ಕನ್ನಡದಲ್ಲಿ ಯಾಕೆ ಕಷ್ಟ ಎನ್ನುವುದನ್ನು ಮುಂದೆ ಹೇಳುತ್ತೇನೆ. ಮೊದಲು ಈ ಪರದೆ ಎಲ್ಲಿಂದ ಬಂತು ಎಂದು ನೋಡೋಣ.

ಕಾಯುವ ಕೋಣೆಯೇ ಪ್ರಯೋಗಶಾಲೆ

ಪ್ರಯೋಗ ಶುರುವಾಗುವ ಮುಂಚಿನ ಸಮಯ ಪ್ರಯೋಗಕ್ಕೆ ಸೇರಿದ್ದಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಬಂದವರನ್ನು ಕೂರಿಸಿ, ‘ಸ್ವಲ್ಪ ಇರಿ, ಕರೆಯುತ್ತೇವೆ’ ಎನ್ನುವ ಹೊತ್ತು ಅದು. ಆದರೆ 20ನೇ ಶತಮಾನದ ಮಧ್ಯದ ಅಮೆರಿಕದ ಸಾಮಾಜಿಕ ಮನೋವಿಜ್ಞಾನಿಗಳು ಈ ನಂಬಿಕೆಯನ್ನೇ ಉಪಯೋಗಿಸಿಕೊಂಡರು.

ಸ್ಟ್ಯಾನ್ಲಿ ಶ್ಯಾಕ್ಟರ್ 1959ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಪ್ರಯೋಗವನ್ನು ನೋಡಿ. ಕಾಲೇಜು ಹುಡುಗಿಯರು ಬರುತ್ತಾರೆ. ಬಿಳಿ ಕೋಟಿನ ‘ಡಾಕ್ಟರ್ ಜಿಲ್‌ಸ್ಟೈನ್’ ಎಂಬಾತ ಕೆಲವರಿಗೆ ನೋವಾಗುವಂಥ ವಿದ್ಯುತ್ ಆಘಾತ ಕೊಡುವುದಾಗಿ ಹೇಳುತ್ತಾನೆ. ಇನ್ನು ಕೆಲವರಿಗೆ ಅದು ಬರೀ ಕಚಗುಳಿಯಂತೆ ಎನ್ನುತ್ತಾನೆ. ಉಪಕರಣ ಸಜ್ಜಾಗಲು ಹತ್ತು ನಿಮಿಷ ಬೇಕು, ಒಬ್ಬರೇ ಕಾಯುತ್ತೀರೋ ಬೇರೆಯವರ ಜೊತೆ ಕಾಯುತ್ತೀರೋ ಎಂದು ಕೇಳುತ್ತಾನೆ. ಉತ್ತರ ಬರೆದ ಮೇಲೆ ಪ್ರಯೋಗ ಮುಗಿಯಿತು. ಆಘಾತವನ್ನು ಯಾರಿಗೂ ಕೊಡಲೇ ಇಲ್ಲ. ಹೆದರಿದ 32 ಮಂದಿಯಲ್ಲಿ 20 ಮಂದಿ ಜೊತೆ ಬೇಕೆಂದರು, ಹೆದರದ 30 ಮಂದಿಯಲ್ಲಿ 10 ಮಂದಿ. ಭಯದಲ್ಲಿರುವವರು ಜೊತೆ ಹುಡುಕುತ್ತಾರೆ ಎಂಬ ತೀರ್ಮಾನ ಬಂದದ್ದು ಕಾಯುವ ಕೋಣೆಯ ಬಾಗಿಲಿನಲ್ಲಿ.

1968ರಲ್ಲಿ ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಂದರ್ಶನಕ್ಕೆಂದು ಬಂದ ವಿದ್ಯಾರ್ಥಿಗಳನ್ನು ಕೋಣೆಯಲ್ಲಿ ಕೂರಿಸಿ ಒಂದು ಪ್ರಶ್ನಾವಳಿ ತುಂಬಲು ಕೊಟ್ಟರು. ಸ್ವಲ್ಪ ಹೊತ್ತಿಗೆ ಗೋಡೆಯ ಕಿಂಡಿಯಿಂದ ಹೊಗೆ ಬರತೊಡಗುತ್ತದೆ. ಒಬ್ಬರೇ ಇದ್ದಾಗ ಶೇ. 75ರಷ್ಟು ಜನ ಎದ್ದು ಹೋಗಿ ತಿಳಿಸಿದರು. ಏನೂ ಆಗಿಲ್ಲವೆಂಬಂತೆ ಕೂತ ಇಬ್ಬರು ನಟರ ಜೊತೆ ಇದ್ದಾಗ ಶೇ. 10ರಷ್ಟು ಮಾತ್ರ. ಉಳಿದವರು ಕಣ್ಣುಜ್ಜಿಕೊಂಡು, ಕೆಮ್ಮುತ್ತ ಪ್ರಶ್ನಾವಳಿ ತುಂಬುತ್ತ ಕೂತರು. ಕಾಯಿರಿ ಎಂದಿದ್ದಾರೆ, ಕಾಯುತ್ತಿದ್ದೇವೆ.

ಪ್ರಯೋಗಕ್ಕೆ ಒಪ್ಪಿ ಬಂದ ಮನುಷ್ಯ ಎಷ್ಟರ ಮಟ್ಟಿಗೆ ಹೇಳಿದ್ದನ್ನು ಮಾಡುತ್ತಾನೆ ಎನ್ನುವುದಕ್ಕೆ ಮಾರ್ಟಿನ್ ಓರ್ನ್ 1962ರಲ್ಲಿ ಬರೆದ ಒಂದು ಘಟನೆ ಸಾಕು. ಒಬ್ಬೊಬ್ಬರ ಮುಂದೆ ಎರಡು ಸಾವಿರ ಹಾಳೆಗಳ ರಾಶಿ, ಪ್ರತಿ ಹಾಳೆಯಲ್ಲಿ 224 ಕೂಡುವ ಲೆಕ್ಕ. ‘ಮಾಡುತ್ತಿರಿ, ಆಮೇಲೆ ಬರುತ್ತೇನೆ’ ಎಂದು ಗಡಿಯಾರ ಕಿತ್ತುಕೊಂಡು ಹೋದರು. ಬೇಸತ್ತು ಬಿಟ್ಟುಬಿಡುತ್ತಾರೆ ಎಂದು ಎಣಿಸಿದ್ದರು. ಐದೂವರೆ ಗಂಟೆಯ ನಂತರ ಬೇಸತ್ತು ಬಿಟ್ಟವರು ಪ್ರಯೋಗ ಮಾಡಿಸುತ್ತಿದ್ದವರೇ. ತನ್ನಿಂದ ಏನು ಬಯಸುತ್ತಿದ್ದಾರೆ ಎಂದು ಸಹಭಾಗಿ ಸದಾ ಊಹಿಸುತ್ತಿರುತ್ತಾನೆ, ಆ ಊಹೆಗೆ ತಕ್ಕಂತೆ ನಡೆಯುತ್ತಾನೆ ಎಂಬ ಓರ್ನ್ ಮಾತು ಇವತ್ತಿಗೂ ಪ್ರಯೋಗ ಕಟ್ಟುವವರ ತಲೆನೋವು.

ಕನ್ನಡದ ರೈಲು ನಿಲ್ದಾಣಗಳಲ್ಲಿ ಕಾಯುವ ಕೋಣೆಗೆ ‘ನಿರೀಕ್ಷಣಾ ಕೊಠಡಿ’ ಎಂದು ಬರೆದಿರುತ್ತಾರೆ. ಹಿಂದಿಯವರು ಆ ಪದ ನೋಡಿದರೆ ತಬ್ಬಿಬ್ಬಾಗುತ್ತಾರೆ, ಅವರಲ್ಲಿ ‘ನಿರೀಕ್ಷಣ’ ಎಂದರೆ ತಪಾಸಣೆ. ನಮ್ಮಲ್ಲೂ ಪೊಲೀಸ್ ‘ನಿರೀಕ್ಷಕ’ರು ಕಾಯುವವರಲ್ಲ, ತಪಾಸಣೆ ಮಾಡುವವರು. ಶ್ಯಾಕ್ಟರ್, ಲಟಾನೆ, ಡಾರ್ಲಿಯವರ ಕೋಣೆಗಳು ಎರಡೂ ಅರ್ಥದಲ್ಲಿ ನಿರೀಕ್ಷಣಾ ಕೊಠಡಿಗಳೇ ಆಗಿದ್ದವು.

ಯಂತ್ರ ಕಾಯಿಸತೊಡಗಿದಾಗ

ಕೋಣೆ ಪರದೆಯಾಗಬೇಕಾದರೆ ನಡುವೆ ಇನ್ನೊಂದು ಚರಿತ್ರೆ ನಡೆಯಬೇಕಿತ್ತು. ಕಣ್ಣಿಗೆ ಕಾಣದ ಕಡೆಯಿಂದ ಏನೋ ಬರುತ್ತದೆ ಎಂದು ಜನ ಕಾಯುವುದು.

ಭಾರತದಲ್ಲಿ ಇದನ್ನು ಕಲಿಸಿದ್ದು ರೇಡಿಯೋ. ಕನ್ನಡಿಗರಿಗೆ ಈ ಕತೆಯಲ್ಲಿ ಹೆಮ್ಮೆಯ ಪಾಲಿದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ವಿಭಾಗ ಶುರುವಾದದ್ದು 1924ರಲ್ಲಿ, ದೇಶದಲ್ಲಿ ಕಲ್ಕತ್ತೆಯ ನಂತರ. ಅದನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತವರು. 1935ರಲ್ಲಿ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದ ಬಾನುಲಿ ಪ್ರಸಾರ ಶುರು ಮಾಡಿದವರೂ ಅವರೇ. ‘ಆಕಾಶವಾಣಿ’ ಎಂಬ ಆ ನಿಲಯದ ಹೆಸರೇ ಮುಂದೆ ಇಡೀ ದೇಶದ ರೇಡಿಯೋದ ಹೆಸರಾಯಿತು. ಅದೇ 1935ರಲ್ಲಿ ಇತ್ತ ಹೈದರಾಬಾದಿನಲ್ಲೂ ಡೆಕ್ಕನ್ ರೇಡಿಯೋ ಮಾತಾಡತೊಡಗಿತು. ಮನುಷ್ಯರ ಮನಸ್ಸನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಮೇಷ್ಟರು ಕಾಣದ ಕೇಳುಗರ ಜೊತೆ ಮಾತಾಡಲು ಯಂತ್ರ ಕಟ್ಟಿದ್ದು ಕಾಕತಾಳೀಯವಿರಬಹುದು. ಅಂತರ್ಜಾಲದ ಪ್ರಯೋಗಗಳ ಎರಡು ತುದಿಗಳೂ ಅಲ್ಲಿ ಒಂದೇ ಮನೆಯಲ್ಲಿದ್ದವು ಎನ್ನುವುದಂತೂ ಹೌದು.

ರೇಡಿಯೋ ಶುರುವಾಗುವ ಮುನ್ನ ಕೇಳುತ್ತಿದ್ದ ಆ ಪಿಟೀಲು, ತಂಬೂರಿಯ ರಾಗ ಮುಂಬೈ ನಿಲಯದಲ್ಲಿ ಕೆಲಸಕ್ಕಿದ್ದ ಯಹೂದಿ ಸಂಗೀತಗಾರ ವಾಲ್ಟರ್ ಕೌಫ್‌ಮನ್ 1930ರ ದಶಕದಲ್ಲಿ ಸಂಯೋಜಿಸಿದ್ದು. ಮಾಹಿತಿ ಏನೂ ಇಲ್ಲದ ಆ ನಾದ ಒಂದೇ ಒಂದು ಸಂಗತಿ ಹೇಳುತ್ತಿತ್ತು: ಯಂತ್ರ ಕೆಟ್ಟಿಲ್ಲ, ನಾವು ಇಲ್ಲಿದ್ದೇವೆ, ಇರಿ. ಮುಂದೆ ದೂರದರ್ಶನದಲ್ಲಿ ‘ಅಡಚಣೆಗಾಗಿ ಕ್ಷಮಿಸಿ’ ಎಂಬ ಫಲಕ ಬಂತು. ಎಷ್ಟು ಹೊತ್ತು ಎಂದು ಅದು ಹೇಳುತ್ತಿರಲಿಲ್ಲ. ಕ್ಷಮೆಯನ್ನಾದರೂ ಕೇಳುತ್ತಿತ್ತು.

ಕಂಪ್ಯೂಟರಿನ ಕಾಯುವಿಕೆಗೆ ಅಳತೆ ಕೊಟ್ಟವರು ಐಬಿಎಂನ ರಾಬರ್ಟ್ ಮಿಲ್ಲರ್. 1968ರಲ್ಲಿ ಅವರು ಮನುಷ್ಯ ಮತ್ತು ಯಂತ್ರದ ನಡುವಿನದು ಒಂದು ಸಂಭಾಷಣೆ ಎಂದು ನೋಡಿದರು. ಎದುರಿನವರು ಎರಡು ಸೆಕೆಂಡಿನಲ್ಲಿ ಪ್ರತಿಕ್ರಿಯಿಸದಿದ್ದರೆ ಮಾತಿನ ಎಳೆ ಸಡಿಲವಾಗುತ್ತದೆ, ಹತ್ತು ಸೆಕೆಂಡಾದರೆ ಗಮನ ಬೇರೆಡೆ ಹೋಗುತ್ತದೆ ಎಂಬ ಲೆಕ್ಕ ಅಲ್ಲಿಂದ ಬಂತು. 1985ರಲ್ಲಿ ಬ್ರ್ಯಾಡ್ ಮೈಯರ್ಸ್ ಕೆಲಸ ಶೇಕಡಾ ಎಷ್ಟು ಮುಗಿದಿದೆ ಎಂದು ತೋರಿಸುವ ಪಟ್ಟಿಯನ್ನು ಪರೀಕ್ಷಿಸಿದರು. ಜನ ಅದನ್ನು ಇಷ್ಟಪಟ್ಟರು. ಅದೇ ವರ್ಷ ಡೇವಿಡ್ ಮೈಸ್ಟರ್ ಸಾಲುಗಳ ಮನೋವಿಜ್ಞಾನದ ಬಗ್ಗೆ ಬರೆದ ಪ್ರಬಂಧದ ಸೂತ್ರಗಳು ನಮ್ಮ ಆಸ್ಪತ್ರೆಯ ವರಾಂಡದಲ್ಲಿ ಕೂತವರಿಗೆಲ್ಲ ಗೊತ್ತಿರುವಂಥವೇ. ಖಾಲಿ ಕೂತ ಹೊತ್ತು ಉದ್ದ. ಕಾರಣ ಹೇಳದ ಹೊತ್ತು ಇನ್ನೂ ಉದ್ದ. ಎಷ್ಟೆಂದು ಗೊತ್ತಿಲ್ಲದ ಹೊತ್ತು ಅದಕ್ಕಿಂತ ಉದ್ದ. ಹಿಂದೆ ಬಂದವರು ಮುಂದೆ ಹೋದರಂತೂ ಹೇಳುವುದೇ ಬೇಡ.

ಅಂಗಡಿಯೋ ಬ್ಯಾಂಕೋ ಆದರೆ ಈ ಸೂತ್ರಗಳನ್ನು ಹಾಗೆಯೇ ಪಾಲಿಸಬಹುದು. ಕಾಯುವವರಿಗೆ ಹಾಡು ಹಾಕಿ, ಚಿತ್ರ ತೋರಿಸಿ, ಬೇಸರ ಕಳೆಯಿರಿ. ಪ್ರಯೋಗ ಮಾಡುವವರಿಗೆ ಆ ಸ್ವಾತಂತ್ರ್ಯವಿಲ್ಲ. ನಗಿಸುವ ವಿಡಿಯೋ ಹಾಕಿದರೆ ಸಹಭಾಗಿಯ ಮನಸ್ಸು ಬದಲಾಗುತ್ತದೆ. ಮನಸ್ಥಿತಿ ಬದಲಿಸಲೆಂದೇ ಪ್ರಯೋಗಗಳಲ್ಲಿ ಚಲನಚಿತ್ರದ ತುಣುಕು ತೋರಿಸುವ ಪದ್ಧತಿ ಇದೆಯಲ್ಲ! ಹಾಗೆಂದು ಏನೂ ತೋರಿಸದೆ ಬಿಟ್ಟರೆ? ತಿಮೊಥಿ ವಿಲ್ಸನ್ ಮತ್ತು ಸಂಗಡಿಗರು 2014ರಲ್ಲಿ ಜನರನ್ನು ಹದಿನೈದು ನಿಮಿಷ ಬರೀ ಕೂರಿಸಿದರು. ಕೈಗೆಟುಕುವಂತೆ ಇದ್ದದ್ದು ಸಣ್ಣ ವಿದ್ಯುತ್ ಆಘಾತ ಕೊಡುವ ಗುಂಡಿ ಮಾತ್ರ. 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಆ ಗುಂಡಿಯನ್ನು ತಾವಾಗಿಯೇ ಒತ್ತಿಕೊಂಡರು. ಖಾಲಿ ಪರದೆ ಕೂಡ ತಟಸ್ಥವಲ್ಲ.

ಕಡಲಾಚೆಯ ಕೋಣೆ

ಅಂತರ್ಜಾಲದಲ್ಲಿ ಮನೋವಿಜ್ಞಾನದ ಪ್ರಯೋಗಗಳು 1990ರ ದಶಕದ ನಡುವಿನಲ್ಲಿ ಶುರುವಾದವು. 1995ರಲ್ಲಿ ಉಲ್ಫ್-ಡೀಟ್ರಿಶ್ ರೈಪ್ಸ್ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಕಟ್ಟಿದ ಜಾಲಪ್ರಯೋಗಶಾಲೆ ಅವುಗಳಲ್ಲಿ ಮೊದಮೊದಲಿನದು. ಕೋಣೆಯಿಂದ ಪರದೆಗೆ ದಾಟಿದ ಹೆಜ್ಜೆಯನ್ನು ಸ್ಪಷ್ಟವಾಗಿ ನೋಡಬೇಕಾದರೆ ಮಾತ್ರ ಕಿಪ್ಲಿಂಗ್ ವಿಲಿಯಮ್ಸ್ ಅವರ ಚೆಂಡಾಟವನ್ನು ನೋಡಬೇಕು.

1990ರ ದಶಕದಲ್ಲಿ ವಿಲಿಯಮ್ಸ್ ಮೊದಲು ಮಾಡಿದ್ದು ಕೋಣೆಯಲ್ಲೇ. ಮೂವರು ಕಾಯುತ್ತ ಕೂತಿರುತ್ತಾರೆ, ಇಬ್ಬರು ನಟರು. ಒಬ್ಬ ಅಲ್ಲಿದ್ದ ಚೆಂಡನ್ನು ಎತ್ತಿ ಎಸೆಯುತ್ತಾನೆ. ಸ್ವಲ್ಪ ಹೊತ್ತು ಮೂವರೂ ಆಡುತ್ತಾರೆ. ಆಮೇಲೆ ಮೂರನೆಯವನಿಗೆ ಚೆಂಡು ಬರುವುದೇ ಇಲ್ಲ. ಅವನು ನಗುತ್ತಾನೆ, ಕೈ ಮುಂದೆ ಮಾಡುತ್ತಾನೆ, ಕೊನೆಗೆ ಬ್ಯಾಗಿನಲ್ಲಿ ಏನೋ ಹುಡುಕುವವನಂತೆ ತಲೆ ತಗ್ಗಿಸುತ್ತಾನೆ. 2000ದಲ್ಲಿ ಇದೇ ಆಟವನ್ನು ಅವರು ಜಾಲಕ್ಕೆ ತಂದರು. ಬೇರೆಡೆಯ ಇಬ್ಬರೊಂದಿಗೆ ಆಡುತ್ತಿದ್ದೀರಿ ಎಂದು ಹೇಳಲಾಯಿತು, ಆ ಇಬ್ಬರೂ ಪ್ರೋಗ್ರಾಮುಗಳು. 62 ದೇಶಗಳ 1,486 ಜನ ಭಾಗವಹಿಸಿದರು. ಮುಖವಿಲ್ಲದ, ಹೆಸರಿಲ್ಲದ ಆಕೃತಿಗಳು ಚೆಂಡು ಕೊಡದಿದ್ದರೂ ಜನರಿಗೆ ಬೇಸರವಾಯಿತು. ಕಾಯಿಸುವ ಪರದೆಗೆ ಇದು ಎರಡು ಪಾಠ ಕಲಿಸಿತು. ಆಚೆ ಬದಿ ಮನುಷ್ಯರಿದ್ದಾರೆ ಎಂದು ಜನ ಸುಲಭವಾಗಿ ನಂಬುತ್ತಾರೆ. ನಂಬಿಕೆ ಸುಳ್ಳಾದರೂ ನೋವು ಸುಳ್ಳಲ್ಲ.

2005ರ ನವೆಂಬರಿನಲ್ಲಿ ಅಮೆಜಾನ್ ‘ಮೆಕ್ಯಾನಿಕಲ್ ಟರ್ಕ್’ ಎಂಬ ಕೆಲಸದ ಸಂತೆ ತೆರೆಯಿತು. 1770ರಲ್ಲಿ ವೋಲ್ಫ್‌ಗಾಂಗ್ ಫಾನ್ ಕೆಂಪೆಲೆನ್ ಕಟ್ಟಿದ ಚದುರಂಗ ಆಡುವ ಗೊಂಬೆಯ ಹೆಸರದು. ಯಂತ್ರ ಆಡುತ್ತಿದೆ ಎಂದು ಯುರೋಪೆಲ್ಲ ಬೆರಗಾದರೆ, ಪೆಟ್ಟಿಗೆಯೊಳಗೆ ಮನುಷ್ಯ ಕೂತಿದ್ದ. ಯಂತ್ರಕ್ಕಾಗದ ಸಣ್ಣ ಕೆಲಸಗಳನ್ನು ಕೆಲವು ಸೆಂಟುಗಳಿಗೆ ಮಾಡಿಕೊಡುವ ಜನ ಅಲ್ಲಿ ಸೇರಿದರು. ಕಾಲೇಜು ವಿದ್ಯಾರ್ಥಿಗಳನ್ನೇ ಪರೀಕ್ಷಿಸಿ ದಣಿದಿದ್ದ ಸಂಶೋಧಕರು ಅವರನ್ನು ಹುಡುಕಿಕೊಂಡು ಬಂದರು. ಪನೋಸ್ ಇಪೆರೋಟಿಸ್ 2010ರಲ್ಲಿ ನಡೆಸಿದ ಸಮೀಕ್ಷೆಯಂತೆ ಅಲ್ಲಿನ ಕೆಲಸಗಾರರಲ್ಲಿ ಸುಮಾರು ಮೂರನೇ ಒಂದು ಭಾಗ ಭಾರತೀಯರು. ಅದೇ ತಮ್ಮ ಮುಖ್ಯ ಸಂಪಾದನೆ ಎಂದವರ ಪಾಲೂ ಅಮೆರಿಕನ್ನರಿಗಿಂತ ಭಾರತೀಯರಲ್ಲಿ ಹೆಚ್ಚಿತ್ತು. ಮೇರಿ ಗ್ರೇ ಮತ್ತು ಸಿದ್ಧಾರ್ಥ ಸೂರಿ ಭಾರತ ಮತ್ತು ಅಮೆರಿಕಗಳಲ್ಲಿ ಓಡಾಡಿ, ಇಂಥ ಕೆಲಸಗಾರರನ್ನು ಮಾತಾಡಿಸಿ 2019ರಲ್ಲಿ ಬರೆದ ಪುಸ್ತಕದ ಹೆಸರು ‘ಘೋಸ್ಟ್ ವರ್ಕ್’, ಕಾಣಿಸದವರ ಕೆಲಸ ಎಂದು.

ಈ ಸಂತೆಯಲ್ಲಿ ಕೂಲಿ ತುಂಡು ಲೆಕ್ಕದ್ದು. ಬೀಡಿ ಕಟ್ಟುವವರಿಗೆ ಸಾವಿರಕ್ಕಿಷ್ಟು ಎಂದಂತೆ, ಮುಗಿಸಿದ ಕೆಲಸಕ್ಕಿಷ್ಟು. ಆದ್ದರಿಂದ ಕಾಯುವ ಹೊತ್ತಿಗೆ ಲೆಕ್ಕವಿಲ್ಲ. ಒಬ್ಬರೇ ಪ್ರಶ್ನಾವಳಿ ತುಂಬುವವರೆಗೆ ಅದು ಸಮಸ್ಯೆಯಾಗಲಿಲ್ಲ. ಅರ್ಥಶಾಸ್ತ್ರಜ್ಞರಿಗೆ ಬೇಕಾದದ್ದು ಬೇರೆ. ನಾಲ್ವರು ಒಂದೇ ಹೊತ್ತಿಗೆ ಕೂತು ಹಣ ಹಂಚಿಕೊಳ್ಳುವ, ನಂಬುವ, ಮೋಸ ಮಾಡುವ ಆಟಗಳು. ಕಾಲೇಜಿನ ಪ್ರಯೋಗಶಾಲೆಯಲ್ಲಾದರೆ ಹತ್ತು ಗಂಟೆಗೆ ಬನ್ನಿ ಎಂದರೆ ಬರುತ್ತಾರೆ. ಜಾಲದಲ್ಲಿ ಒಬ್ಬರು ಈಗ ಬರುತ್ತಾರೆ, ಇನ್ನೊಬ್ಬರು ಏಳು ನಿಮಿಷದ ನಂತರ. ಮೂವರು ಸೇರಿದಾಗ ಮೊದಲನೆಯವರು ಹೋಗಿರುತ್ತಾರೆ. ನ್ಯೂಯಾರ್ಕಿನ ಹಗಲು ಹೈದರಾಬಾದಿನ ರಾತ್ರಿ. ವಿಂಟರ್ ಮೇಸನ್ ಮತ್ತು ಸೂರಿ 2012ರಲ್ಲಿ ಬರೆದ ಮಾರ್ಗದರ್ಶಿಯಲ್ಲಿ ಈ ಪೇಚಿಗೆ ಸೂಚಿಸಿದ ಉಪಾಯವೆಂದರೆ ಮೊದಲೇ ಸುದ್ದಿ ಮುಟ್ಟಿಸಿ, ಬಂದವರನ್ನು ಒಂದು ‘ಕಾಯುವ ಕೋಣೆ’ಯಲ್ಲಿ ಸೇರಿಸುವುದು. 2016ರಲ್ಲಿ ಬಂದ, ಈಗ ಬಹಳ ಬಳಕೆಯಲ್ಲಿರುವ ‘ಓಟ್ರೀ’ ಎಂಬ ತಂತ್ರಾಂಶದಲ್ಲಿ ಈ ಪುಟಕ್ಕೆ ತನ್ನದೇ ಹೆಸರಿದೆ, ‘ವೇಟ್‌ಪೇಜ್’. ಏನೂ ಬರೆಯದೆ ಬಿಟ್ಟರೆ ಉಳಿದವರಿಗಾಗಿ ಕಾಯಲಾಗುತ್ತಿದೆ ಎಂಬ ಒಂದು ಸಾಲು ತಾನಾಗಿ ಬರುತ್ತದೆ.

ಕಾಯುವುದೂ ಕೆಲಸವೇ ಎಂದು ಲೆಕ್ಕ ಹಾಕಿದವರು ಬೇರೆ ಕ್ಷೇತ್ರದವರು. 2011ರಲ್ಲಿ ಮೈಕೆಲ್ ಬರ್ನ್‌ಸ್ಟೈನ್ ಮತ್ತು ಸಂಗಡಿಗರು ಕೆಲಸಗಾರರಿಗೆ ಕಾದಿರಲೆಂದೇ ಹಣ ಕೊಟ್ಟರು, ನಿಮಿಷಕ್ಕೆ ಅರ್ಧ ಸೆಂಟು. ಕಾಯುವಾಗ ಬೇರೆ ಕೆಲಸ ಮಾಡಿಕೊಳ್ಳಬಹುದು, ಕರೆಗಂಟೆ ಕೇಳಿದಾಗ ಬಂದರೆ ಸಾಕು. ಜನ ಎರಡು ಸೆಕೆಂಡಿನಲ್ಲಿ ಹಾಜರಾಗುವಂತೆ ಅವರು ಮಾಡಿ ತೋರಿಸಿದರು. ಗಂಟೆಗೆ ಮೂವತ್ತು ಸೆಂಟು ನ್ಯಾಯವೇ ಎನ್ನುವುದು ಬೇರೆ ಪ್ರಶ್ನೆ. ಕಾಯುವ ಹೊತ್ತಿಗೂ ಬೆಲೆಯಿದೆ ಎಂದು ಒಪ್ಪಿದ್ದು ಮುಖ್ಯ.

ಕಾಯಲಾರದೆ ಹೋದವರು

ಇಲ್ಲಿಯವರೆಗಿನದು ಸಹಭಾಗಿಯ ಕಷ್ಟ. ವಿಜ್ಞಾನಕ್ಕೂ ಇದರಲ್ಲಿ ಪೆಟ್ಟಿದೆ.

ಕಾಯಲಾರದೆ ಎದ್ದು ಹೋದವರು ಯಾರು? ಮೊಬೈಲಿನಲ್ಲಿ ಡೇಟಾ ಮುಗಿಯುತ್ತ ಬಂದವರು, ಕರೆಂಟು ಹೋದವರು, ಒಲೆಯ ಮೇಲೆ ಹಾಲಿಟ್ಟು ಬಂದವರು, ತಾಳ್ಮೆ ಕಡಿಮೆ ಇರುವವರು. ಉಳಿದವರು ಇವರಂತಲ್ಲ. ಸಹಕಾರದ ಬಗ್ಗೆ ಪ್ರಯೋಗ ಮಾಡಿ, ಹತ್ತು ನಿಮಿಷ ಕಾದು ಕೂತವರನ್ನು ಮಾತ್ರ ಅಳೆದರೆ, ತಾಳಿದವರ ಸ್ವಭಾವವನ್ನು ಎಲ್ಲ ಮನುಷ್ಯರ ಸ್ವಭಾವವೆಂದು ಬರೆದಂತೆ. ತಾಳಿದವನು ಬಾಳಿಯಾನು ಎಂಬ ಗಾದೆ ಸರಿ, ಆದರೆ ತಾಳಿದವನೇ ಎಲ್ಲರ ಪ್ರತಿನಿಧಿಯಲ್ಲ.

ಇದು ಬರೀ ಊಹೆಯಲ್ಲ. ಹಾವೋಟಿಯನ್ ಝೌ ಮತ್ತು ಆಯೆಲೆಟ್ ಫಿಶ್‌ಬಾಕ್ 2016ರಲ್ಲಿ ಇದನ್ನು ಚೆನ್ನಾಗಿ ಬಯಲು ಮಾಡಿದರು. ಕಣ್ಣಿಗೆ ಐಲೈನರ್ ಹಚ್ಚಿಕೊಳ್ಳುವುದನ್ನು ಕಲ್ಪಿಸಿಕೊಂಡರೆ ಮೈತೂಕ ಕಡಿಮೆಯಾಗುತ್ತದೆ ಎಂಬಂಥ ‘ಫಲಿತಾಂಶ’ ಅವರಿಗೆ ಸಿಕ್ಕಿತು. ಗುಟ್ಟು ಇಷ್ಟೇ: ಐಲೈನರ್ ಮಾತು ಕೇಳಿದೊಡನೆ ಗಂಡಸರು ಹೆಚ್ಚಾಗಿ ಪ್ರಯೋಗ ಬಿಟ್ಟು ಹೋಗಿದ್ದರು. ಯಾರು ಬಿಟ್ಟು ಹೋದರು ಎಂದು ಲೆಕ್ಕ ಇಡದಿದ್ದರೆ ಯಾವ ಅಸಂಬದ್ಧವನ್ನೂ ಸಾಬೀತು ಮಾಡಬಹುದು.

ಇದಕ್ಕೆ ರೈಪ್ಸ್ ಆ ಕಾಲಕ್ಕೇ ಒಂದು ಪರಿಹಾರ ಹೇಳಿದ್ದರು. ಕಷ್ಟವನ್ನೆಲ್ಲ ಬಾಗಿಲಲ್ಲೇ ಇಡಿ. ಉದ್ದ ಸೂಚನೆ, ನಿಧಾನದ ಪುಟ, ಅಭ್ಯಾಸದ ಪ್ರಶ್ನೆ, ಎಲ್ಲವೂ ಮೊದಲೇ ಬರಲಿ. ಹೋಗುವವರು ಆಗಲೇ ಹೋಗಲಿ. ಉಳಿದವರನ್ನು ಆಮೇಲೆ ಬೇರೆ ಬೇರೆ ಗುಂಪಿಗೆ ಹಂಚಿ. ಆಗ ಗುಂಪುಗಳ ನಡುವಿನ ಹೋಲಿಕೆಯಾದರೂ ಕೆಡುವುದಿಲ್ಲ. ಕಾಯಿಸುವ ಪರದೆಗೂ ಈ ನಿಯಮ ಅನ್ವಯಿಸುತ್ತದೆ. ಗುಂಪು ಹಂಚುವ ಮೊದಲು ಕಾಯಿಸಿದರೆ ಒಂದು ನಷ್ಟ, ಹಂಚಿದ ಮೇಲೆ ಒಂದು ಗುಂಪನ್ನು ಹೆಚ್ಚು ಕಾಯಿಸಿದರೆ ಪ್ರಯೋಗಕ್ಕೇ ನಷ್ಟ.

ಇನ್ನೊಂದು ತೊಡಕು ಸೂಕ್ಷ್ಮವಾದದ್ದು. ಆಟದ ನಡುವೆ ಬರುವ ಕಾಯುವಿಕೆ ತಾನೇ ಒಂದು ಸಂದೇಶ. ಹಣ ಹಂಚಿಕೊಳ್ಳುವಾಗ ಎದುರಿನವರು ಥಟ್ಟನೆ ಉತ್ತರಿಸಿದರೆ ಒಂದು ಅರ್ಥ, ಇಪ್ಪತ್ತು ಸೆಕೆಂಡು ತಡೆದರೆ ಇನ್ನೊಂದು. ಸಾಲ ಕೇಳಿದಾಗ ನೆಂಟರು ತಕ್ಷಣ ‘ಆಯ್ತು’ ಅನ್ನುವುದಕ್ಕೂ, ಗೋಡೆ ನೋಡಿ ‘ಆಯ್ತು’ ಅನ್ನುವುದಕ್ಕೂ ಇರುವ ವ್ಯತ್ಯಾಸ ನಮಗೆ ಗೊತ್ತೇ ಇದೆ. ಆದ್ದರಿಂದ ಎಚ್ಚರದವರು ಎಲ್ಲರಿಗೂ ಒಂದೇ ಅಳತೆಯ ವಿಳಂಬ ಇಟ್ಟು, ಆ ಸುಳಿವನ್ನು ಮುಚ್ಚುತ್ತಾರೆ.

‘ಯೋಚಿಸುತ್ತಿದ್ದಾರೆ’, ‘ಯೋಚಿಸುತ್ತಿದೆ’

ಈಗ ನನ್ನ ಎಕ್ಸೆಲ್ ಹಾಳೆಯ ಮೂರನೆಯ ಸಾಲಿಗೆ ಬರುತ್ತೇನೆ. ಇಂಗ್ಲಿಷಿನಲ್ಲಿ ಅದು ‘ಪಾರ್ಟ್‌ನರ್ ಈಸ್ ಡಿಸೈಡಿಂಗ್’. ಆ ‘ಈಸ್’ ಮನುಷ್ಯರಿಗೂ ಆಗುತ್ತದೆ, ಬೆಕ್ಕಿಗೂ ಆಗುತ್ತದೆ, ಪ್ರೋಗ್ರಾಮಿಗೂ ಆಗುತ್ತದೆ. ನಾವೆಲ್ಲಿ ಮನುಷ್ಯ ಎಂದೆವು ಎಂದು ಬರೆದವರು ನುಣುಚಿಕೊಳ್ಳಬಹುದು. ಹಿಂದಿಯಲ್ಲಿ ‘ಸೋಚ್ ರಹಾ ಹೈ’ ಎಂದರೂ ನುಣುಚಿಕೊಳ್ಳಲು ಜಾಗವಿದೆ, ಹುಡುಗನೂ ಕಂಪ್ಯೂಟರೂ ಅಲ್ಲಿ ಪುಲ್ಲಿಂಗ. ತೆಲುಗಿನಲ್ಲಿ ‘ಆಲೋಚಿಸ್ತೋಂದಿ’ ಎಂದರೆ ಹೆಣ್ಣೂ ಆಗಬಹುದು, ವಸ್ತುವೂ ಆಗಬಹುದು. ಏಕವಚನದಲ್ಲಿ ಗಂಡಸರನ್ನು ಬಿಟ್ಟು ಉಳಿದೆಲ್ಲವನ್ನೂ ತೆಲುಗು ಒಂದೇ ಪ್ರತ್ಯಯದಲ್ಲಿ ಸೇರಿಸುತ್ತದೆ. ಇದೇ ಊರಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಕಲಿಸಿದ ಭದ್ರಿರಾಜು ಕೃಷ್ಣಮೂರ್ತಿ 2003ರ ತಮ್ಮ ದ್ರಾವಿಡ ಭಾಷೆಗಳ ಗ್ರಂಥದಲ್ಲಿ ಈ ಲಿಂಗವ್ಯವಸ್ಥೆಗಳನ್ನು ಬಿಡಿಸಿ ತೋರಿಸಿದ್ದಾರೆ.

ಕನ್ನಡದ ಕ್ರಿಯಾಪದಕ್ಕೆ ಈ ಸಂದಿಗಳಿಲ್ಲ. ಯೋಚಿಸುತ್ತಿದ್ದಾನೆ, ಯೋಚಿಸುತ್ತಿದ್ದಾಳೆ, ಯೋಚಿಸುತ್ತಿದ್ದಾರೆ ಎಂದರೆ ಮನುಷ್ಯರು. ಯೋಚಿಸುತ್ತಿದೆ ಎಂದರೆ ಅಲ್ಲ. (ದೇವರು ಮತ್ತು ಮಕ್ಕಳ ವಿಷಯ ಬೇರೆ. ಕೂಸನ್ನು ‘ಮಲಗಿದೆ’ ಎನ್ನುತ್ತೇವೆ, ಪ್ರೀತಿಯಿಂದ.) ಆಚೆ ಬದಿಯಲ್ಲಿ ಇರುವುದು ಯಾರು ಎಂದು ತೀರ್ಮಾನಿಸದೆ ಕನ್ನಡದಲ್ಲಿ ಆ ವಾಕ್ಯ ಮುಗಿಸಲಾಗುವುದಿಲ್ಲ. ಇಂಗ್ಲಿಷಿನ ಅರೆಸತ್ಯ ಕನ್ನಡಕ್ಕೆ ಬರುವಾಗ ಒಂದೋ ಸತ್ಯವಾಗಬೇಕು, ಇಲ್ಲವೇ ಪೂರಾ ಸುಳ್ಳಾಗಬೇಕು.

ಸುಳ್ಳು ಹೇಳಬಾರದೇ ಎಂದು ಕೇಳಿದರೆ ಇಡೀ ಶಾಸ್ತ್ರ ಎರಡು ಪಂಗಡವಾಗಿ ನಿಲ್ಲುತ್ತದೆ. ಪ್ರಯೋಗ ಮಾಡುವ ಅರ್ಥಶಾಸ್ತ್ರಜ್ಞರು ಸಹಭಾಗಿಗಳಿಗೆ ಸುಳ್ಳು ಹೇಳುವುದನ್ನು ಒಪ್ಪುವುದಿಲ್ಲ. ಒಮ್ಮೆ ಮೋಸ ಹೋದವರು ಮುಂದೆ ನಿಜವನ್ನೂ ನಂಬುವುದಿಲ್ಲ, ಆಗ ಎಲ್ಲರ ಪ್ರಯೋಗವೂ ಕೆಡುತ್ತದೆ ಎನ್ನುವುದು ಅವರ ವಾದ. ಮನೋವಿಜ್ಞಾನಿಗಳು ಬೇರೆ ದಾರಿಯಿಲ್ಲದಿದ್ದರೆ ಹೇಳಬಹುದು, ಮುಗಿದ ಮೇಲೆ ನಿಜ ತಿಳಿಸಬೇಕು ಎನ್ನುತ್ತಾರೆ. ನಮ್ಮ ಐಸಿಎಂಆರ್ 2017ರಲ್ಲಿ ಹೊರತಂದ ನೀತಿಸೂತ್ರಗಳಲ್ಲೂ ಸಾಮಾಜಿಕ ಮತ್ತು ನಡವಳಿಕೆಯ ಸಂಶೋಧನೆಗೆ ಪ್ರತ್ಯೇಕ ಭಾಗವಿದೆ. ಆದರೆ ಮುಗಿದ ಮೇಲೆ ತಿಳಿಸುವುದು ಕೋಣೆಯಲ್ಲಿ ಸುಲಭ. ಎದುರಿಗೇ ಇರುತ್ತಾರೆ, ಕೂರಿಸಿ ಹೇಳಬಹುದು. ನಡುವೆ ಕಿಟಕಿ ಮುಚ್ಚಿ ಹೋದವರಿಗೆ ಯಾರು ಹೇಳುತ್ತಾರೆ? ಕಾಯಿಸುವ ಪರದೆಯಲ್ಲೇ ಬೇಸತ್ತು ಎದ್ದವರು, ಆಚೆ ಯಾರೋ ತನಗಾಗಿ ಕಾದಿದ್ದರು, ತಾನು ಅವರನ್ನು ಕೈಬಿಟ್ಟೆ ಎಂದುಕೊಂಡೇ ಹೋಗಿರಬಹುದು.

ನಾನು ತಂಡಕ್ಕೆ ಈ ತೊಡಕನ್ನು ಬರೆದು ತಿಳಿಸಿದೆ, ಎರಡು ಅನುವಾದಗಳನ್ನೂ ಕೊಟ್ಟು ಆಯ್ಕೆ ನಿಮ್ಮದು ಎಂದೆ. ಅವರು ಎರಡನ್ನೂ ಬಿಟ್ಟು ‘ಫಲಿತಾಂಶ ಬರುತ್ತಿದೆ’ ಎಂದು ಹಾಕಿಸಿದರು. ಇದು ಸುಳ್ಳಲ್ಲ. ಜೊತೆಗಾರರು ಇದ್ದಾರೆ ಎಂಬ ಮಾತು ಮಾತ್ರ ಹಿಂದಿನ ಪುಟದಲ್ಲಿ ಹಾಗೆಯೇ ಉಳಿಯಿತು.

ಒಂದು ಪರದೆಯನ್ನು ಬರೆಯುವುದು

ಹಾಗಾದರೆ ಒಳ್ಳೆಯ ಪರದೆ ಹೇಗಿರಬೇಕು? ಈ ಚರಿತ್ರೆಯಿಂದ ನಾಲ್ಕೈದು ಮಾತು ತೆಗೆಯಬಹುದು. ಗುಂಪು ಹಂಚುವ ಮುನ್ನವೇ ಕಾಯಿಸಬೇಕು. ಹೆಚ್ಚೆಂದರೆ ಎಷ್ಟು ನಿಮಿಷ ಎಂದು ಹೇಳಬೇಕು. ಅಷ್ಟರಲ್ಲಿ ಜೊತೆ ಸಿಗದಿದ್ದರೆ ಏನಾಗುತ್ತದೆ, ಎಷ್ಟು ಹಣ ಬರುತ್ತದೆ ಎಂದು ಹೇಳಬೇಕು. ಕಾದ ಹೊತ್ತಿಗೂ ಕೂಲಿ ಕೊಡಬೇಕು. ಎಲ್ಲರಿಗೂ ಒಂದೇ ರೀತಿಯ, ಮನಸ್ಸನ್ನು ಕಲಕದ ಸಣ್ಣ ಕೆಲಸವೊಂದಿರಬೇಕು. ಇಲ್ಲವೇ ಬೇರೆ ಕೆಲಸ ನೋಡಿಕೊಳ್ಳಿ, ಗಂಟೆ ಬಾರಿಸುತ್ತೇವೆ ಎನ್ನಬೇಕು. ಎದ್ದು ಹೋಗುವ ಬಾಗಿಲು ಕಾಣುವಂತಿರಬೇಕು.

ಪದಗಳ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ತಂತ್ರಾಂಶಗಳ ಕನ್ನಡದಲ್ಲಿ ಬಹಳ ಕಡೆ ಕಾಣುವ ‘ದಯವಿಟ್ಟು ನಿರೀಕ್ಷಿಸಿ’ ಬೇಡ. ನಿರೀಕ್ಷಿಸುವುದು ಎಂದರೆ ಇಂಥದು ಬರುತ್ತದೆಂದು ಎದುರುನೋಡುವುದು. ತನ್ನಿಂದ ಏನು ಬಯಸುತ್ತಾರೋ ಎಂದು ಸಹಭಾಗಿ ಎದುರುನೋಡುವುದೇ ಓರ್ನ್ ಹೇಳಿದ ರೋಗ. ಅದನ್ನು ನಾವಾಗಿ ಬಾಯಿಬಿಟ್ಟು ಹೇಳಬೇಕೇ? ‘ತಾಳಿ’ ಎಂದರೆ ಗದರಿದಂತೆ. ‘ತಡೀರಿ’ ಉತ್ತರ ಕರ್ನಾಟಕದಲ್ಲಿ ಆತ್ಮೀಯ, ಮೈಸೂರು ಕಡೆಯವರಿಗೆ ಯಾರೋ ಕೈ ಅಡ್ಡ ಹಿಡಿದಂತೆ ಕೇಳೀತು. ‘ಇರಿ’ ಮಾತಿನಲ್ಲಿ ಚೆನ್ನ, ಬರಹದಲ್ಲಿ ಚಾಕುವಿನ ನೆನಪಾಗುತ್ತದೆ. ಉಳಿಯುವುದು ‘ಕಾಯಿರಿ’. ಬಸ್ಸಿಗೆ ಕಾಯುವುದೂ ಹೊಲ ಕಾಯುವುದೂ ಒಂದೇ ಧಾತು ಎಂದು ದ್ರಾವಿಡ ನಿಘಂಟು ಹೇಳುತ್ತದೆ. ನೀರು ಕಾಯುವುದು ಮಾತ್ರ ಬೇರೆ ಬೇರಿನದು, ಕೊನೆಗೆ ಕಾಯುವವರ ತಲೆ ಯಾವ ಧಾತುವಿನಿಂದ ಕಾಯುತ್ತದೆ ಎನ್ನುವುದು ವಿನ್ಯಾಸಕರ ಕೈಯಲ್ಲಿದೆ.

ಮುಂದೆ ಯಾರಾದರೂ ಕೇಳಿದರೆ ಕೊಡಲೆಂದು ನಾನು ಬರೆದಿಟ್ಟುಕೊಂಡಿರುವ ಪರದೆ ಹೀಗಿದೆ. ಬೇಕಾದವರು ಹಾಗೆಯೇ ಬಳಸಿಕೊಳ್ಳಬಹುದು, ಅಂಕಿಗಳನ್ನು ನಿಮ್ಮ ಪ್ರಯೋಗಕ್ಕೆ ತಕ್ಕಂತೆ ತುಂಬಿಕೊಳ್ಳಿ:

‘ಈ ಆಟಕ್ಕೆ ನಾಲ್ವರು ಬೇಕು. ಈಗ ನೀವು ಇಬ್ಬರಿದ್ದೀರಿ, ಇಬ್ಬರೂ ಮನುಷ್ಯರೇ. ಹೆಚ್ಚೆಂದರೆ 5 ನಿಮಿಷ ಕಾಯಿರಿ. ಈ 5 ನಿಮಿಷಕ್ಕೂ ಹಣ ಕೊಡುತ್ತೇವೆ. ಬೇರೆ ಕೆಲಸವಿದ್ದರೆ ನೋಡಿಕೊಳ್ಳಿ, ನಾಲ್ವರು ಸೇರಿದಾಗ ಗಂಟೆ ಬಾರಿಸುತ್ತೇವೆ. ಯಾರೂ ಬರದಿದ್ದರೆ ಅದು ನಿಮ್ಮ ತಪ್ಪಲ್ಲ, ಕಾದಷ್ಟಕ್ಕೆ ಹಣ ಬರುತ್ತದೆ. ಈಗಲೇ ಹೊರಡಬೇಕೆಂದರೆ ಕೆಳಗಿನ ಗುಂಡಿ ಒತ್ತಿ, ಕಾರಣ ಹೇಳಬೇಕಾಗಿಲ್ಲ.’